ಅಳೆಯದೆ ಜೋಡಿಸಿದ ಬೋರ್ಡು

ನಿನ್ನೆ ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಮೊದಲ ವರ್ಷದ ಹುಡುಗಿಯೊಬ್ಬಳು ಬೆಸುಗೆ ಹಾಕುತ್ತಿದ್ದಳು. ಕರಗಿದ ರಾಳದ ಘಾಟು ಮೂಗಿಗೆ ಬಡಿದದ್ದೇ ತಡ, ಪಾಠ ಹೇಳುತ್ತಿದ್ದ ನಾನು ಸೀಮೆಸುಣ್ಣ ಕೆಳಗಿಟ್ಟೆ. ಸೂಲಿಬೆಲೆಯ ನಮ್ಮ ಬೀದಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಮಾವನ ನೆನಪು... ರಕ್ತಸಂಬಂಧವೇನಿಲ್ಲ, ಬೀದಿಗೆಲ್ಲ ಅವರು ಮಾವ. ನನಗೆ ಬೆಸುಗೆ ಹಾಕಲು ಕಲಿಸಿದವರು ಅವರೇ.

ನಾನಾಗ ಡಿಪ್ಲೊಮಾ ಎರಡನೇ ವರ್ಷ. ಮೆಷಿನ್‌ಗಳನ್ನು ತಾನೇ ನಡೆಸುವ ಪುಟ್ಟ ಚಿಪ್, ಮೈಕ್ರೊಕಂಟ್ರೋಲರ್ ಕಲಿಯುವ ಹುಚ್ಚು. ತಾಮ್ರದ ತಂತಿ ತರಲು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಿರುವ ಎಸ್.ಪಿ. ರಸ್ತೆಗೆ ಹೊರಟ ಮಾವ ನನ್ನನ್ನೂ ಕರೆದುಕೊಂಡು ಹೋದರು. "ಮೊದ್ಲು ಕರೆಂಟ್ ಅಳೆಯೋ ಮೀಟರ್ ಒಂದು ತಗೊಳಮ್ಮ. ಆಮೇಲೆ ಒಳ್ಳೆ ಸೋಲ್ಡರಿಂಗ್ ಐರನ್ನು, ಕಟ್ಟರ್ರು, ಒಂದು ಸಣ್ಣ ಬೋರ್ಡು. ಸಾಕು," ಎಂದರು. ನನ್ನ ಕಣ್ಣೆಲ್ಲ ಮೂವತ್ತೇಳು ಸೆನ್ಸರ್‌ಗಳ ಪೆಟ್ಟಿಗೆಯ ಮೇಲೆ. ತಂದಿದ್ದ ದುಡ್ಡೆಲ್ಲ ಅದಕ್ಕೇ ಸುರಿದೆ. ಮೀಟರ್ ಬೇಡವೆಂದೆ. ಬೋರ್ಡಿನ ದೀಪ ಹತ್ತಿದರೆ ಕರೆಂಟ್ ಇದೆ, ಆರಿದರೆ ಇಲ್ಲ, ಅಷ್ಟೇ ತಾನೆ? ಎಂಥ ಜಂಬ ನನ್ನದು! ಆ ಪೆಟ್ಟಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚಿನದನ್ನು ಇಂದಿಗೂ ಮುಟ್ಟಿಲ್ಲ.

ನಮ್ಮ ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಮೆಷಿನ್ ಇತ್ತು. ಜೋಳದ ದಂಟು ಸಿಕ್ಕಿಕೊಂಡರೆ ಮೋಟರ್ ಸುಟ್ಟುಹೋಗುತ್ತಿತ್ತು. ಸಿಕ್ಕಿಕೊಂಡ ತಕ್ಷಣ ತಾನೇ ನಿಲ್ಲುವ ಹಾಗೆ ಒಂದು ಬೋರ್ಡು ಜೋಡಿಸಿದೆ. "ಕರೆಂಟ್ ಹೋಗಿ ಬಂದ್ರೆ ಏನ್ಮಾಡುತ್ತೆ ಅಂತ ಮೀಟರ್ ಇಟ್ಟು ನೋಡಿದ್ಯಾ? ಇಲ್ದಿದ್ರೆ ನನ್ದೇ ತಗೊಂಡ್ಹೋಗು," ಅಂದರು ಮಾವ. ನೋಡಿದ್ದೇನೆ ಎಂದು ಸುಳ್ಳು ಹೇಳಿದೆ.

ಒಂದು ಭಾನುವಾರ ಬೆಳಿಗ್ಗೆ ಅವರನ್ನು ಕರೆದು ತೋರಿಸಿದೆ. ದಂಟು ಸಿಕ್ಕಿಕೊಂಡಿತು, ಮೆಷಿನ್ ನಿಂತಿತು. ನನಗೆ ಹಿಗ್ಗೋ ಹಿಗ್ಗು. ಮಾವ ಮೇನ್ ಸ್ವಿಚ್ಚಿನ ಕಡೆ ತಿರುಗಿದರು. "ಅದ್ಯಾಕೆ ಮಾವ, ತಾನೇ ಆಫ್ ಆಗಿದ್ಯಲ್ಲ, ಕೈ ಹಾಕಿ," ಎಂದೆ. ಅವರು ನಕ್ಕು, ದಂಟು ಎಳೆಯಲು ಕೈ ಹಾಕಿದರು. ಅದೇ ಗಳಿಗೆಗೆ ಕರೆಂಟ್ ಹೋಗಿ ಬಂತು. ಹೊಸದಾಗಿ ಶುರುವಾದ ಬೋರ್ಡು ಮೋಟರನ್ನೂ ಒಮ್ಮೆ ಚಾಲೂ ಮಾಡಿತು. ಒಂದೇ ಸುತ್ತು... ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಯಲ್ಲಿ ನಮ್ಮಪ್ಪ ಕೇಳಿದಾಗ ಮಾವ, "ನಾನೇ ಸ್ವಿಚ್ ಆಫ್ ಮಾಡೋದು ಮರ್ತ್ಬಿಟ್ಟೆ ಕಣಪ್ಪ," ಅಂದುಬಿಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ಕೈ ಹಾಕಿ ಎಂದದ್ದು ನಾನೇ ಎಂಬುದನ್ನು ಮುಚ್ಚಿಟ್ಟೆ. ಕೂದಲಿನಷ್ಟು ಸಣ್ಣ ತಂತಿಯನ್ನು ಸುತ್ತುತ್ತಿದ್ದ ಕೈ ಅದು. ವರ್ಷದೊಳಗೆ ಅಂಗಡಿ ಮುಚ್ಚಿದರು. ನಾನು ಓದು ಮುಗಿಸಿ ಮೇಡಂ ಆದೆ. ಊರಿಗೆ ಹೋದಾಗಲೆಲ್ಲ ಈ ಸಲ ಹೇಳಿಬಿಡಬೇಕು ಅಂದುಕೊಳ್ಳುವುದು, ಅವರು "ಹೆಂಗಿದ್ಯಮ್ಮ, ಹುಡುಗ್ರು ಚೆನ್ನಾಗಿ ಕಲೀತಾರಾ?" ಅಂದರೆ ತಲೆಯಾಡಿಸಿ ಬಂದುಬಿಡುವುದು... ಹೇಡಿ ನಾನು.

ಹೋದ ತಿಂಗಳು ಮಾವ ತೀರಿಕೊಂಡರು. ಹನ್ನೊಂದನೆಯ ದಿನ ಅವರ ಹೆಂಡತಿಯನ್ನು ಹಿತ್ತಿಲಿಗೆ ಕರೆದು, ಅಳುತ್ತ ಎಲ್ಲವನ್ನೂ ಹೇಳಿದೆ. ಅತ್ತೆಗೆ ಅಚ್ಚರಿಯಾಗಲಿಲ್ಲ.

"ಗೊತ್ತಮ್ಮ. ಆವತ್ತೇ ಹೇಳಿದ್ರು. ನೀನಾಗೇ ಬಂದು ಹೇಳ್ತೀಯ ಅಂತ ಕಾಯ್ತಾ ಇದ್ರು," ಎಂದರು.

ಈಗ ಲ್ಯಾಬಿಗೆ ಬರುವ ಹೊಸ ಹುಡುಗರಿಗೆಲ್ಲ ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಕೇಳಬೇಕಾಗಿದ್ದವರು ಮಾತ್ರ ಇಲ್ಲ.