ನಾನು ನೋಡದ ಗೋಲು

ಆ ಚೆಂಡು ಗೆರೆ ದಾಟಿದ್ದನ್ನು ನಾನು ನೋಡಿರಲಿಲ್ಲ, ಫೆಲಿಕ್ಸ್. ನೋಡದೆಯೇ ಕೈ ಎತ್ತಿದೆ. ಇಷ್ಟು ವರ್ಷ ಜನ ನನ್ನನ್ನು ಸತ್ಯವಂತ ಎಂದು ಹೊಗಳಿದ್ದೆಲ್ಲ ಆ ಒಂದು ಸುಳ್ಳಿಗೆ.

ಏಷ್ಯನ್ ಗೇಮ್ಸ್‌ಗೆಂದು ದೋಹಾದ ರಸ್ತೆಗಳನ್ನೆಲ್ಲ ಅಗೆದಿಟ್ಟಿದ್ದ ಕಾಲ. ಹೊರಗೆ ನೆತ್ತಿ ಸುಡುವ ಬಿಸಿಲು, ನಮ್ಮ ಮಾಲಿನೊಳಗೆ ಮಂಜುಗಡ್ಡೆಯ ಅಂಗಳ. ಅದನ್ನು ನಯಮಾಡುವ ಯಂತ್ರ ಓಡಿಸುವವನು ನಾನು, ಅಲ್ಲಿಯ ಆಫೀಸಿನಲ್ಲಿ ಕ್ಲರ್ಕ್ ನೀನು. ಸ್ವೀಡನ್, ನಾರ್ವೆ, ರಷ್ಯಾದ ಎಂಜಿನಿಯರುಗಳು ತಮ್ಮ ಬ್ಯಾಂಡಿ ಆಟಕ್ಕೆ — ಸ್ಕೇಟು ಕಟ್ಟಿಕೊಂಡು ಚೆಂಡು ಹೊಡೆಯುವ ಹಾಕಿಯಂಥದ್ದು — ದೇಶದೇಶಗಳ ಚಾಂಪಿಯನ್‌ಶಿಪ್ ಹೂಡಿದರು. ನಾಲ್ಕನೆಯ ತಂಡವೊಂದು ಕಡಿಮೆ ಬಿದ್ದಾಗ ಭಾರತವೆಂದು ನಾವು ಹೆಸರು ಕೊಟ್ಟೆವು. ಬಜ್ಪೆಯವರು, ಬಾರ್ಕೂರಿನವರು — ಊರಲ್ಲಿ ಫ್ರಿಜ್ಜು ಬಿಟ್ಟರೆ ಬೇರೆಲ್ಲೂ ಮಂಜುಗಡ್ಡೆ ಕಂಡವರಲ್ಲ! ನೀನು ಗೋಲ್‌ಕೀಪರ್. ಬ್ಯಾಂಡಿಯಲ್ಲಿ ಗೋಲ್‌ಕೀಪರನಿಗೆ ಕೋಲಿಲ್ಲ, ಕೈಯೇ ಆಧಾರ. ನಿನ್ನ ಹಿಂದೆ ಸ್ಟೂಲಿನ ಮೇಲೆ, ಗೋಲು ಆಯಿತೋ ಇಲ್ಲವೋ ಹೇಳುವ ಜಡ್ಜ್ ಆಗಿ, ನಾನು.

ನಾರ್ವೆಯ ಎದುರು ಪಂದ್ಯ ಸಮಸಮ, ಇನ್ನೇನು ಮುಗಿಯಬೇಕು. ಎಲ್ಲರೂ ಚೆಂಡು ನೋಡುತ್ತಿದ್ದರೆ ನಾನು ನೋಡುತ್ತಿದ್ದದ್ದು ಮಂಜುಗಡ್ಡೆಯನ್ನು. ಗೋಲಿನ ಮುಂದೆ ಯಾರದೋ ಸ್ಕೇಟು ಆಳವಾಗಿ ಕೊರೆದಿತ್ತು. ಅಲ್ಲಿಗೆ ಬಿಸಿನೀರು ಬಿಟ್ಟು ತುಂಬಬೇಕು ಎಂದುಕೊಳ್ಳುತ್ತಿದ್ದೆ. ಕಸುಬು ಕಣ್ಣನ್ನೂ ಬಿಡುವುದಿಲ್ಲ. ಗದ್ದಲಕ್ಕೆ ತಲೆ ಎತ್ತಿದಾಗ ನೀನು ಬೋರಲು ಬಿದ್ದಿದ್ದೆ, ಚೆಂಡು ನಿನ್ನ ಎದೆಯಡಿಗೆ ಸೇರಿತ್ತು. ರೆಫ್ರಿ ನನ್ನತ್ತ ನೋಡಿದ.

ನೋಡಿಲ್ಲ ಎಂದಿದ್ದರೆ ಸಾಕಿತ್ತು. ಆದರೆ ಪ್ರತಿ ಶುಕ್ರವಾರ ನಿನ್ನ ಮನೆಯಲ್ಲಿ ನಾನು ಉಣ್ಣುವುದು ಇಡೀ ಮಾಲಿಗೆ ಗೊತ್ತು. ಗೋಲು ಕೊಡದಿದ್ದರೆ ಉಪ್ಪಿನ ಋಣ ತೀರಿಸಿದ ಎಂದಾರು ಎಂಬ ಹೆದರಿಕೆ — ಅಷ್ಟೇ, ಬೇರೆ ಏನೂ ಇಲ್ಲ — ನನ್ನ ಕೈಯನ್ನು ಮೇಲೆತ್ತಿತು.

"ಲೈನಿನ ಮೇಲೇ ಹಿಡಿದದ್ದು ಮಾರಾಯ. ನೀನು ನೋಡಿದ್ದೀಯಲ್ಲ, ಹೇಳು ಇವರಿಗೆ."

"ಗೋಲ್. ಖಲಾಸ್, ಫೆಲಿಕ್ಸ್."

ನಾರ್ವೆಯ ನಾಯಕ ಬಂದು ನನ್ನ ಕೈ ಕುಲುಕಿದ. ಕಟಕಟೆಗೆ ಆತುಕೊಂಡಿದ್ದ ನಿನ್ನ ಆರು ವರ್ಷದ ಶೈನಾ ಕೇಳಿದಳು: "ಪಪ್ಪಾ, ನೀವು ಲೈ ಹೇಳಿದ್ದಾ?" ನೀನು ನನ್ನನ್ನೇ ನೋಡಿದೆ.

ಆಮೇಲೆ ನನಗೆ ಶುಕ್ರವಾರದ ಊಟ ಮುಂತಜಾ ಬಡಾವಣೆಯ ಹೋಟೆಲಿನಲ್ಲಿ. ಇಂಥ ಪ್ರಾಮಾಣಿಕನೇ ಬೇಕು ಎಂದು ಮ್ಯಾನೇಜರು ನನ್ನನ್ನು ಸೂಪರ್‌ವೈಸರ್ ಮಾಡಿದ. ಬೇಡ ಎನ್ನಲಿಲ್ಲ ನಾನು. ನಾಚಿಕೆಯಾಗುತ್ತದೆ — ಆದರೂ ಅನ್ನಲಿಲ್ಲ.

ಹಳೇ ಕಥೆ ಬಿಡು ಎನ್ನುವವರು ಎದುರಿಗೆ ಬರಲಿ. ಹೊಗಳುವುದಕ್ಕೆ ಹಳತಾಗದ ಕಥೆ ತಪ್ಪು ಒಪ್ಪಿಕೊಳ್ಳುವಾಗ ಮಾತ್ರ ಹಳತಾಯಿತೇ? ಆಟ ತಾನೇ ಎನ್ನುವವರೂ ಬರಲಿ. ಮಗಳ ಮುಂದೆ ಅಪ್ಪನನ್ನು ಸುಳ್ಳುಗಾರನನ್ನಾಗಿ ನಿಲ್ಲಿಸಿದ್ದು ಯಾವ ಸೀಮೆಯ ಆಟ? ಚೆಂಡು ದಾಟಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದವನು ನೀನೊಬ್ಬ. ನಿನ್ನನ್ನು ಯಾರೂ ನಂಬಲಿಲ್ಲ, ಯಾಕೆಂದರೆ ನಾನಿದ್ದೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ಕೊಟ್ಟುಬಿಡುವವನು ನೀನು.

ಬರುವ ಶುಕ್ರವಾರ ಇಲ್ಲೇ ದೋಹಾದ ಐನ್ ಖಾಲಿದ್‌ನಲ್ಲಿ ನಮ್ಮ ಊರಿನವರ ಸಂಘ ನನಗೆ ಶಾಲು ಹೊದಿಸುತ್ತದಂತೆ. ನಿರೂಪಣೆ ಶೈನಾಳದು. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಕನ್ನಡವನ್ನು ತಿದ್ದಿಕೊಡಿ ಅಂಕಲ್ ಎಂದು ನನಗೇ ಕಳಿಸಿದ್ದಾಳೆ: ಸ್ವಂತ ದೇಶದ ವಿರುದ್ಧವೂ ಸತ್ಯ ನುಡಿದವರು. ಅಪ್ಪನ ಎದುರು ಅವಳು ಅದನ್ನು ಓದಬೇಕು!

ಓದಗೊಡುವುದಿಲ್ಲ. ನೀನು ಬಂದು ಮುಂದಿನ ಸಾಲಿನಲ್ಲಿ ಕೂರು, ಫೆಲಿಕ್ಸ್. ಅವಳ ಕೈಯಿಂದ ಮೈಕು ತೆಗೆದುಕೊಂಡು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ — ಮಗಾ, ಅವತ್ತು ನಿನ್ನ ಪಪ್ಪ ನೋಡಿದ್ದ, ನಾನು ನೋಡಿರಲಿಲ್ಲ. ಆಮೇಲೆ ಶಾಲು ಹೊದಿಸುವ ಧೈರ್ಯ ಇದ್ದವರು ಹೊದಿಸಲಿ.