ದೋಣಿಯ ಹಿಂಬದಿಯಲ್ಲಿ ಯಾರೋ ತಟ್ಟಿದರು

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಓದುವುದನ್ನು ನಿಲ್ಲಿಸಿ ಎದ್ದು ಹೋಗುತ್ತಿದ್ದೆ. ಯಲ್ಲಾಪುರದಲ್ಲಿ ಹೆದ್ದಾರಿಯ ಪಕ್ಕ ನನ್ನದೊಂದು ಟೈರಿನ ಅಂಗಡಿ ಇದೆ. ಪಂಕ್ಚರ್ ಹಾಕಿಸಲು ನಿಲ್ಲುವ ಲಾರಿಯವರು ಚಹಾ ಕುಡಿಯುತ್ತ ಘಟ್ಟದ ಕತೆಗಳನ್ನು ಹೇಳುತ್ತಾರೆ. ತಿರುವಿನಲ್ಲಿ ಬಿಳಿ ಸೀರೆಯ ಹೆಂಗಸು ಕೈ ಅಡ್ಡ ಹಿಡಿದಳಂತೆ, ಹತ್ತಿಸಿಕೊಂಡರೆ ಮುಂದಿನ ತಿರುವಿಗೆ ಇರಲೇ ಇಲ್ಲವಂತೆ. "ಮತ್ತೆ ಸಿಕ್ಕರೆ ನನ್ನ ಅಂಗಡಿ ತೋರಿಸು ಮಾರಾಯ, ಅವಳಾದರೂ ಬಾಕಿ ಇಡದೆ ಹೋದಾಳು" ಎಂದು ನಾನು ನಗುತ್ತಿದ್ದೆ. ಈಗಲೂ ಆ ಕತೆಗಳನ್ನು ನಾನು ನಂಬುವುದಿಲ್ಲ. ಆದರೆ ಮೊದಲಿನ ಹಾಗೆ ನಗುವುದಕ್ಕೂ ಬರುವುದಿಲ್ಲ.

ನನಗೆ ಒಬ್ಬಳೇ ಮಗಳು, ವೀಣಾ. ಕಾಲೇಜು ಮುಗಿಸಿದ ಮೇಲೆ ನೀರಿನ ಆಟಗಳ ತರಬೇತಿಗೆ ಸೇರಿ, ದೋಣಿಯ ಹುಚ್ಚು ಹಚ್ಚಿಕೊಂಡು ಬಂದಳು. ಶಿರಸಿ, ಸಿದ್ದಾಪುರ ಕಡೆಯ ನಾಲ್ಕಾರು ಗೆಳೆಯರು ಸೇರಿ ಭಾನುವಾರ ನಮ್ಮ ತಾಲೂಕಿನ ಹಿನ್ನೀರಿಗೆ ಹೋಗುತ್ತಿದ್ದರು. ಗಾಳಿ ತುಂಬುವ ಹಳೆಯ ರಬ್ಬರ್ ದೋಣಿಯೊಂದನ್ನು ಅವಳು ಎಲ್ಲಿಂದಲೋ ಅಗ್ಗಕ್ಕೆ ತಂದಳು. ಅಂಗಡಿಯ ಮುಂದೆ ಬಿಚ್ಚಿ ಹಾಸಿದಾಗ ಅದರ ಮೈಯೆಲ್ಲ ತೂತು. "ಅಪ್ಪಾ, ಲಾರಿ ಟೈರಿಗೇ ಹೆದರದವ ನೀನು, ಇದೆಂತ ದೊಡ್ಡದು?" ಎಂದಳು. ಒಂದು ವಾರ ಕೂತು ತೇಪೆ ಹಾಕಿದೆ. ಕೆಲಸ ಮುಗಿದ ಮೇಲೆ, "ತೇಪೆ ನಿನ್ನದು. ಅದರ ಮೇಲೆ ಭರವಸೆ ಇದ್ದರೆ ನೀನೂ ಕೂತು ತೋರಿಸು" ಎಂದು ನನ್ನನ್ನೇ ಎಳೆದುಕೊಂಡು ಹೋದಳು. ಹಾಗೆ ಈ ವಯಸ್ಸಿನಲ್ಲಿ ನಾನು ಹುಟ್ಟು ಹಾಕಲು ಕಲಿತೆ.

ಹುಟ್ಟು ಹಾಕುವುದು ಕಷ್ಟವಲ್ಲ. ಅವಳು ಕಲಿಸಬೇಕೆಂದಿದ್ದದ್ದು ಆಕಾಶವನ್ನು. ಟೈರಿನ ಗಾಳಿಯ ಒತ್ತಡ ನೋಡುವ ಮೀಟರನ್ನು ನನ್ನ ಕೈಯಿಂದ ಕಸಿದು, "ಇದರೊಳಗೆ ಮಾತ್ರ ಅಲ್ಲ ಅಪ್ಪಾ, ಹೊರಗಿನ ಗಾಳಿಗೂ ಒತ್ತಡ ಇದೆ. ಅದು ಇಳಿಯಿತು ಅಂದರೆ ಎಲ್ಲಿಂದಲೋ ಗಾಳಿ ನುಗ್ಗಿ ಬರುತ್ತದೆ" ಎಂದಳು. ಆ ಮಾತು ನನಗೆ ತಕ್ಷಣ ತಿಳಿಯಿತು. ಉಳಿದದ್ದು ನಿಧಾನಕ್ಕೆ ತಲೆಗೆ ಹತ್ತಿತು. ಮೊಬೈಲಿನಲ್ಲಿ ಬರುವ ಮುನ್ಸೂಚನೆಯನ್ನು ಹೊರಡುವ ಮೊದಲು ನೋಡಲೇಬೇಕು, ಆದರೆ ಅದು ಇಡೀ ತಾಲೂಕಿಗೆ ಹೇಳಿದ ಮಾತು. ನಮ್ಮ ನೆತ್ತಿಯ ಮೇಲಿನ ಮೋಡವನ್ನು ನಾವೇ ನೋಡಿಕೊಳ್ಳಬೇಕು. ಅರಳು ಹುರಿದಂತೆ ಉಬ್ಬಿ ಮೇಲೇಳುವ ಮೋಡದ ಬುಡ ಕಪ್ಪಾಗತೊಡಗಿದರೆ ಅಂದಿನ ಆಟ ಮುಗಿಯಿತು. ಬೀಸುತ್ತಿದ್ದ ಗಾಳಿ ಹಠಾತ್ತನೆ ನಿಂತು ಸೆಕೆಯಾದರೆ ಅದು ನೆಮ್ಮದಿಯಲ್ಲ, ಎಚ್ಚರಿಕೆ. ಆಮೇಲೆ ತಣ್ಣನೆ ಗಾಳಿ ಮುಖಕ್ಕೆ ಹೊಡೆದರೆ ಅಷ್ಟರಲ್ಲಿ ದಡದಲ್ಲಿರಬೇಕು. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ನಮ್ಮನ್ನು ಮುಟ್ಟುವಷ್ಟು ಹತ್ತಿರವಿದೆ ಎಂದೇ ಲೆಕ್ಕ.

ಅವಳ ಇನ್ನೊಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ನೀರಿನ ನಡುವೆ ಹೋದ ಮೇಲೆ ಆಗಾಗ ಹುಟ್ಟುಗಳನ್ನು ನೀರಿನಿಂದ ಮೇಲೆತ್ತಿ, ಮಾತು ನಿಲ್ಲಿಸಿ, ಕಿವಿಗೊಟ್ಟು ಕೂರಬೇಕು. ನಮ್ಮ ಹುಟ್ಟಿನ ಸದ್ದು, ನಮ್ಮ ಹರಟೆ ದೂರದ ಗುಡುಗನ್ನು ಮುಚ್ಚಿಹಾಕುತ್ತದೆ ಎನ್ನುತ್ತಿದ್ದಳು. ಅದಕ್ಕೊಂದು ಗುರುತು ಇಟ್ಟುಕೊಂಡಿದ್ದಳು. ನಮ್ಮ ಅಂಗಡಿಯಲ್ಲಿ ಲಾರಿಯ ಕ್ಲೀನರುಗಳು ರಾಡಿನಿಂದ ಟೈರನ್ನು ಬಡಿದು ಗಾಳಿ ಸಾಕೋ ಇಲ್ಲವೋ ನೋಡುತ್ತಾರೆ. ಅದನ್ನು ನೋಡುತ್ತಲೇ ಬೆಳೆದ ಹುಡುಗಿ. ದೋಣಿಯ ಹಿಂಬದಿಯಲ್ಲಿ ಕೂತು, ಗಾಳಿ ತುಂಬಿದ ಅಂಚಿನ ಮೇಲೆ ಅಂಗೈಯಿಂದ ತಟ್ಟುತ್ತಿದ್ದಳು. ಧಪ್ ಧಪ್, ಸ್ವಲ್ಪ ಬಿಟ್ಟು ಮತ್ತೊಮ್ಮೆ ಧಪ್. ಹುಟ್ಟು ಎತ್ತಿ, ಸುಮ್ಮನೆ ಕೇಳಿ ಎಂದರ್ಥ. ಗೆಳೆಯರು ಅವಳನ್ನು ಹೆಡ್ ಮಾಸ್ತರು ಎಂದು ಅಣಕಿಸುತ್ತಿದ್ದರು. ಆದರೆ ತಟ್ಟಿದರೆ ಎಲ್ಲರೂ ಬಾಯಿ ಮುಚ್ಚುತ್ತಿದ್ದರು.

ವೀಣಾ ತೀರಿಕೊಂಡದ್ದು ನೀರಿನಲ್ಲಲ್ಲ. ಒಂದು ಮಳೆಗಾಲದಲ್ಲಿ ಜ್ವರ ಬಂತು. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಂದ ಅವಳು ನಡೆದು ಬರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ದೋಣಿ ಅಂಗಡಿಯ ಹಿಂದಿನ ಕೋಣೆಯಲ್ಲಿತ್ತು. ಅದರಲ್ಲಿದ್ದದ್ದು ಅವಳು ಕಾಲಿನ ಪಂಪಿನಿಂದ ತುಂಬಿಸಿದ ಗಾಳಿ. ಅದನ್ನು ಬಿಡಲು ನನ್ನ ಕೈ ಬರಲಿಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆರೆದು ಒಮ್ಮೆ ಮುಟ್ಟಿ ನೋಡುತ್ತಿದ್ದೆ. ರಬ್ಬರ್ ತನ್ನಷ್ಟಕ್ಕೇ ಮೆತ್ತಗಾಗುತ್ತ, ಕುಸಿಯುತ್ತ, ದೀಪಾವಳಿಯ ಹೊತ್ತಿಗೆ ನೆಲಕ್ಕೆ ಅಂಟಿಕೊಂಡಿತು.

ನನ್ನ ಹೆಂಡತಿ ಗಿರಿಜಾ ಬನವಾಸಿ ಕಡೆಯವಳು. ಬಯಲಿನಲ್ಲಿ ಬೆಳೆದವಳಿಗೆ ನೀರೆಂದರೆ ಭಯ. ಮಗಳು ಎಷ್ಟು ಕರೆದರೂ ದೋಣಿ ಹತ್ತಿದವಳಲ್ಲ. ಮಗಳು ಹೋದ ಮೇಲೆ ಮನೆಯ ಹೊಸಿಲು ದಾಟುವುದನ್ನೇ ಬಿಟ್ಟಳು. ಒಂದು ವರ್ಷ ಕಳೆದು ಮಳೆ ಹಿಂದೆಗೆದ ಮೇಲೆ, ಒಂದು ದಿನ ಊಟಕ್ಕೆ ಬಡಿಸುತ್ತ ತಾನಾಗಿಯೇ ಕೇಳಿದಳು: "ಆಕಿ ಅಲ್ಲಿ ಅಂಥಾದ್ದೇನು ನೋಡತಿದ್ಲು, ನಂಗೂ ಒಂದ್ಸಲ ತೋರಸ್ರಿ. ಆಮ್ಯಾಲೆ ಆ ದೋಣಿ ಯಾರಿಗಾದ್ರೂ ಕೊಟ್ಟುಬಿಡ್ರಿ. ಮನಿ ಹತ್ರ ಅದು ಇರೋದು ಬ್ಯಾಡ." ನಾನು ಒಪ್ಪಿಕೊಂಡೆ. ಅವಳು ಹೊರಗೆ ಬರುತ್ತೇನೆ ಎಂದದ್ದೇ ನನಗೆ ದೊಡ್ಡದಾಗಿತ್ತು. ಆದರೆ ಆ ದೋಣಿಯನ್ನು ಕೊಟ್ಟ ಮೇಲೆ ದಿನಾ ಬೆಳಿಗ್ಗೆ ಅಂಗಡಿ ತೆರೆದು ಯಾವುದನ್ನು ಮುಟ್ಟಿ ನೋಡುವುದೆಂದು ನನಗೆ ಗೊತ್ತಿರಲಿಲ್ಲ.

ಆ ಭಾನುವಾರ ಹೊರಡುವ ಮೊದಲು ಮಗಳು ಕಲಿಸಿದ್ದನ್ನೆಲ್ಲ ಮಾಡಿದೆ. ಮೊಬೈಲಿನಲ್ಲಿ ಸಂಜೆಗೆ ಎಲ್ಲೋ ಒಂದೆರಡು ಕಡೆ ತುಂತುರು ಎಂದಿತ್ತು. ಗಾಡಿಯಲ್ಲಿ ತಂದ ದೋಣಿಗೆ ಹಿನ್ನೀರಿನ ದಡದಲ್ಲಿ ಮತ್ತೆ ಗಾಳಿ ತುಂಬಿಸಿ, ನಿಂತು ಬಹಳ ಹೊತ್ತು ಆಕಾಶ ನೋಡಿದೆ. ಪಡುವಣ ತೊಳೆದಿಟ್ಟಂತಿತ್ತು. ಗಿರಿಜಾಗೆ ತೇಲುವ ಜಾಕೆಟ್ ತೊಡಿಸಿ ಪಟ್ಟಿಗಳನ್ನು ಬಿಗಿದೆ. ಅದು ವೀಣಾಳದು. ಗಿರಿಜಾ ಅದರ ಕೊರಳಿನ ಹತ್ತಿರ ಒಮ್ಮೆ ಮೂಸಿದಳು. ನಾನು ಮುಂದೆ ಕೂತೆ, ಅವಳನ್ನು ನಡುವೆ ನನಗೆ ಮುಖ ಮಾಡಿ ಕೂರಿಸಿಕೊಂಡೆ. ಹಿಂಬದಿ ಖಾಲಿ ಇತ್ತು. ಮಧ್ಯಾಹ್ನ ಇಳಿಯತೊಡಗಿದ ಹೊತ್ತು.

ಮೊದಲು ದೋಣಿಯ ಅಂಚಿಗೆ ಕಟ್ಟಿದ ಹಗ್ಗವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದವಳು ನಿಧಾನಕ್ಕೆ ಕಣ್ಣು ಬಿಟ್ಟಳು. ನೀರಿನ ಮೇಲೆ ಒಂದು ಗೆರೆಯೂ ಇರಲಿಲ್ಲ. ದಡದ ಕಾಡು ತಲೆಕೆಳಗಾಗಿ ನೀರಿನಲ್ಲಿ ನಿಂತಿತ್ತು. "ಇಷ್ಟು ಚಂದ ಐತೇನ್ರೀ ಇದು" ಎಂದಳು. ಆಮೇಲೆ ಮಾತಾಡತೊಡಗಿದಳು. ಒಂದು ವರ್ಷದಲ್ಲಿ ಆಡದ ಮಾತನ್ನೆಲ್ಲ ಆಡಿದಳು. ಮಗಳು ಚಿಕ್ಕವಳಿದ್ದಾಗ ಟ್ಯೂಬಿಗೆ ಗಾಳಿ ತುಂಬಿಸಿಕೊಂಡು ಹಂಡೆಯ ಹತ್ತಿರ ಈಜುತ್ತೇನೆಂದು ಕೂತದ್ದು, ನಾನು ಬೈದದ್ದು. ಇಬ್ಬರೂ ನಕ್ಕೆವು. ಕೇಳುತ್ತ ಕೇಳುತ್ತ ನಾನು ಹುಟ್ಟು ಹಾಕುತ್ತಲೇ ಇದ್ದೆ. ಎಷ್ಟು ದೂರ ಬಂದೆವೆಂಬುದರ ಮೇಲೆ ಗಮನವಿರಲಿಲ್ಲ. ಹಳೆಯ ಹೊಳೆ ಹರಿಯುತ್ತಿದ್ದ ಜಾಗ, ಹಿನ್ನೀರಿನಲ್ಲಿ ಎಲ್ಲಕ್ಕಿಂತ ಆಳವಾದ ನಡು, ಅಲ್ಲಿಗೆ ಬಂದಿದ್ದೆವು. ಒಮ್ಮೆಯೂ ಹುಟ್ಟು ಎತ್ತಿ ಕೇಳಿರಲಿಲ್ಲ.

ಆಗ ಆ ಸದ್ದಾಯಿತು. ಧಪ್ ಧಪ್, ಸ್ವಲ್ಪ ಬಿಟ್ಟು ಮತ್ತೊಮ್ಮೆ ಧಪ್.

ಯೋಚಿಸುವ ಮೊದಲೇ ನನ್ನ ಕೈ ಹುಟ್ಟನ್ನು ಮೇಲೆತ್ತಿತ್ತು. ಅಭ್ಯಾಸ. ಆಮೇಲೆ ಗಿರಿಜಾ ತಟ್ಟಿದಳೆಂದುಕೊಂಡು ಅವಳತ್ತ ನೋಡಿದೆ. ಅವಳ ಎರಡೂ ಕೈ ಹಗ್ಗದ ಮೇಲೇ ಇದ್ದವು. "ಯಾಕ್ರೀ ಬಡದ್ರಿ?" ಎಂದು ಅವಳೇ ನನ್ನನ್ನು ಕೇಳಿದಳು. ಕೇಳಿದವಳು ಮೆಲ್ಲಗೆ ತನ್ನ ಬೆನ್ನ ಹಿಂದೆ ತಿರುಗಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಹುಟ್ಟಿನ ತುದಿಯಿಂದ ನೀರು ತೊಟ್ಟಿಕ್ಕುವುದು ನಿಂತಿತು. ಆ ನಿಶ್ಶಬ್ದದಲ್ಲಿ, ಎಲ್ಲೋ ಬಹಳ ದೂರದಲ್ಲಿ, ಮೊರದಲ್ಲಿ ಕಾಳು ಕೇರಿದಂಥ ಸದ್ದು ಕೇಳಿತು. ಕಾಡಿನ ಎಲೆಗಳ ಮೇಲೆ ಮಳೆ ನಡೆದು ಬರುವ ಸದ್ದು ಅದು. ಅದರ ಕೆಳಗೆ ಗುಡುಗಿತ್ತು. ಸದ್ದು ಬರುತ್ತಿದ್ದದ್ದು ಮೂಡಣದಿಂದ, ಗುಡ್ಡದ ಹಿಂದಿನಿಂದ.

ಆಗ ನನಗೆ ಹೊಳೆಯಿತು. ನಮ್ಮ ಕಡೆಯವರಿಗೆ ಮಳೆ ಎಂದರೆ ಪಡುವಣದಿಂದ, ಸಮುದ್ರದ ಕಡೆಯಿಂದ ಬರುವಂಥದ್ದು. ಕಣ್ಣು ತಾನಾಗಿಯೇ ಅತ್ತ ಹೋಗುತ್ತದೆ. ಹಿಂಗಾರಿನ ಗುಡುಗು ಮಳೆ ಬಯಲಿನ ಕಡೆಯಿಂದ ಏರಿ ಬರುತ್ತದೆ. "ಈ ದಿನಗಳಲ್ಲಿ ಬೆನ್ನ ಹಿಂದೆ ನೋಡು ಅಪ್ಪಾ" ಎಂದು ಅವಳು ಎಷ್ಟು ಸಲ ಹೇಳಿದ್ದಳು! ಗುಡ್ಡದ ನೆತ್ತಿಯ ಮೇಲೆ ಮೋಡದ ಬಿಳಿ ತಲೆಯೊಂದು ಆಗಲೇ ಇಣುಕುತ್ತಿತ್ತು.

ಹೊರಟ ದಡಕ್ಕೆ ಹಿಂತಿರುಗುವಷ್ಟು ಹೊತ್ತಿರಲಿಲ್ಲ. ಹತ್ತಿರದ ಒಂದು ಕೊಲ್ಲಿಯತ್ತ ದೋಣಿ ತಿರುಗಿಸಿ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿದೆ. ಗಿರಿಜಾ ಎರಡೂ ಕೈಗಳಿಂದ ನೀರನ್ನು ಹಿಂದಕ್ಕೆ ಬಾಚುತ್ತಿದ್ದಳು. ನೀರಿಗೆ ಹೆದರುವವಳು ಅವಳು. ದಡ ಮುಟ್ಟಿ ದೋಣಿಯನ್ನು ಎಳೆದು ಕವುಚಿ, ಕಲ್ಲುಗಳನ್ನು ಹೇರಿ, ಎತ್ತರದ ಮರಗಳಿಂದ ದೂರ ಗಿಡ್ಡ ಪೊದೆಗಳ ನಡುವೆ ಕುಕ್ಕರಗಾಲಿನಲ್ಲಿ ಕೂತೆವು. ತಣ್ಣನೆ ಗಾಳಿ ಬಂದು ಮುಖಕ್ಕೆ ಹೊಡೆಯಿತು. ಕನ್ನಡಿಯಂತಿದ್ದ ನೀರು ನೋಡನೋಡುತ್ತಿದ್ದಂತೆ ನಡುವಿನಲ್ಲಿ ಬೆಳ್ಳಗೆ ನೊರೆಯೆದ್ದಿತು. ಸಿಡಿಲು ಎದುರು ದಡದ ಮೇಲೆ ಬಿತ್ತು. ನಮ್ಮ ದೋಣಿ ಹಗುರಾದದ್ದು. ಆ ಗಾಳಿಗೆ ಸಿಕ್ಕಿದ್ದರೆ ಒಣಗಿದ ಎಲೆಯಂತೆ ಮಗುಚಿ ಹೋಗುತ್ತಿತ್ತು. ಗಿರಿಜಾ ನನ್ನ ತೋಳು ಹಿಡಿದು ಆ ನೊರೆಯನ್ನೇ ನೋಡುತ್ತಿದ್ದಳು. ನಾವು ಅಲ್ಲೇ ಇದ್ದೆವು, ಸ್ವಲ್ಪ ಹೊತ್ತಿನ ಹಿಂದೆ.

ಮಳೆ ನಿಂತು, ಗುಡುಗು ಪೂರ್ತಿ ಅಡಗಿ, ವೀಣಾ ಕಲಿಸಿದಂತೆ ಇನ್ನೂ ಅರ್ಧ ಗಂಟೆ ಕಾದು ಹೊರಟಾಗ ಬಿಸಿಲು ಮತ್ತೆ ಬಂದಿತ್ತು. ದಡದ ಅಂಚು ಹಿಡಿದೇ ಮರಳಿದೆವು. ಗಾಡಿಯ ಹತ್ತಿರ ದೋಣಿಯ ಗಾಳಿ ಬಿಡಲು ಬಗ್ಗಿದಾಗ, ಇನ್ನು ಇದನ್ನು ಯಾರಿಗೆ ಕೊಡಲಿ ಎಂದೇ ಯೋಚಿಸುತ್ತಿದ್ದೆ. ಗಿರಿಜಾ ತಲೆ ಒರೆಸಿಕೊಳ್ಳುತ್ತ, "ಹಂಗ ತಟ್ಟಿದ್ರ ಏನು ಅರ್ಥ?" ಎಂದು ಕೇಳಿದಳು. ಆ ಗುರುತಿನ ಬಗ್ಗೆ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದೆ. ಅವಳು ದೋಣಿಯ ಅಂಚಿನ ಮೇಲೆ ಅಂಗೈ ಇಟ್ಟು, "ದೋಣಿ ಕೊಡೋದು ಬ್ಯಾಡ್ರಿ" ಎಂದಳು.

ಆಮೇಲೆ ನಾನು ಕಾರಣ ಹುಡುಕದೆ ಕೂತವನಲ್ಲ. ಅಂಗಡಿಯಲ್ಲಿ ಒಬ್ಬ ಲಾರಿಯವನು, "ದೊಡ್ಡ ಮೀನು ಬಾಲ ಬೀಸಿರಬೇಕು ತಗೋ" ಎಂದ. ವೀಣಾಳ ಶಿರಸಿಯ ಗೆಳೆಯನೊಬ್ಬ, ಬಿಸಿಲಿಗೆ ಗಾಳಿ ಹಿಗ್ಗಿ ರಬ್ಬರ್ ಸದ್ದು ಮಾಡಿರಬಹುದು ಎಂದ. ಅದು ನನಗೂ ಸರಿ ಎನ್ನಿಸಿತು. ದೋಣಿಗೆ ಅಷ್ಟೇ ಗಾಳಿ ತುಂಬಿಸಿ ಅಂಗಡಿಯ ಮುಂದೆ ಬಿಸಿಲಿನಲ್ಲಿಟ್ಟು ದಿನವಿಡೀ ಕಿವಿಗೊಟ್ಟೆ. ತೇಪೆಗಳ ಅಂಚು ಚಿಟ್ ಚಿಟ್ ಎಂದಿತು, ಅಷ್ಟೇ. ನೀರಿನಡಿಯ ಮುಳುಗಿದ ಮರದ ಬೊಡ್ಡೆ ತಾಗಿರಬಹುದೆಂದು ಬೇಸಿಗೆಯಲ್ಲಿ ನೀರಿಳಿದಾಗ ಹೋಗಿ ಕಲ್ಲು ಕಟ್ಟಿದ ಹಗ್ಗ ಬಿಟ್ಟು ನೋಡಿದೆ. ಹಗ್ಗ ಮುಗಿಯಿತು, ತಳ ಸಿಗಲಿಲ್ಲ. ರಬ್ಬರಿನ ಸದ್ದು ಕೇಳಿಯೇ ನಾನು ಹೊಟ್ಟೆ ಹೊರೆದವನು. ಕೆಳಗಿನಿಂದ ಗುದ್ದಿದ ಸದ್ದು ಬೇರೆ, ಮೇಲಿನಿಂದ ಅಂಗೈ ಬಿದ್ದ ಸದ್ದು ಬೇರೆ. ಅಂದು ಕೇಳಿದ್ದು ಎರಡನೆಯದು. ಇದನ್ನು ನಂಬಿ ಎಂದು ನಿಮ್ಮನ್ನು ಒತ್ತಾಯಿಸಲಾರೆ. ನಾನೇ ಇದನ್ನು ಏನೆಂದು ನಂಬಬೇಕೋ ತಿಳಿಯದೆ ಕೂತಿದ್ದೇನೆ. ಗಿರಿಜಾ ಮಾತ್ರ ಕಾರಣ ಕೇಳಲೂ ಇಲ್ಲ, ಹುಡುಕಲೂ ಇಲ್ಲ.

ಈಗ ಭಾನುವಾರ ಹೊಸಬರು ನಾಲ್ಕಾರು ಮಂದಿ ದೋಣಿ ನಡೆಸುವುದನ್ನು ಕಲಿಯಲು ನಮ್ಮ ಹತ್ತಿರ ಬರುತ್ತಾರೆ. ಮೊದಲು ದಡದಲ್ಲಿ ನಿಲ್ಲಿಸಿ ನಾಲ್ಕೂ ದಿಕ್ಕು ನೋಡಿಸುತ್ತೇನೆ, ಮೂಡಣವನ್ನು ಎರಡು ಸಲ. ಹಿಂಬದಿಯಲ್ಲಿ ಗಿರಿಜಾ ಕೂರುತ್ತಾಳೆ. ನೀರಿನ ನಡುವೆ ಮಾತು ಹೆಚ್ಚಾದರೆ ಅಂಚಿನ ಮೇಲೆ ಅಂಗೈಯಿಂದ ತಟ್ಟುತ್ತಾಳೆ. ಎಲ್ಲರೂ ಹುಟ್ಟು ಎತ್ತುತ್ತೇವೆ. ಹೆಚ್ಚಿನ ದಿನ ಏನೂ ಕೇಳುವುದಿಲ್ಲ. ದೂರದಲ್ಲೊಂದು ಹಕ್ಕಿ, ಹುಟ್ಟಿನಿಂದ ತೊಟ್ಟಿಕ್ಕುವ ನೀರು. ಹೊಸಬರು ಇನ್ನು ಸಾಕೇ ಎಂಬಂತೆ ತಿರುಗಿ ನೋಡುತ್ತಾರೆ. ನಾವಿಬ್ಬರು ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೇಳುತ್ತ ಕೂರುತ್ತೇವೆ.