ಕಳಕಮ್ಮ ಕೊರೆದ ತೂತುಗಳು

ಯಲಬುರ್ಗಾ ಸೀಮೆಯ ಮಂಗಳೂರೆಂಬ ಹಳ್ಳಿಯಲ್ಲಿ ಕಮ್ಮಾರ ಈಶಪ್ಪ ಮಾಡುವ ಚೂರಿಗಳಿಗೆ ಹಿಡಿ ಕೂರಿಸಲು ತೂತು ಕೊರೆಯುತ್ತಿದ್ದವಳು ಅವನ ಅಕ್ಕ ಕಳಕಮ್ಮ. ಇಬ್ಬರೂ ಒಂದೇ ಅಂಗಳದಲ್ಲಿದ್ದು ಮಾತು ಬಿಟ್ಟಿದ್ದರು.

ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಗಂಗಾವತಿ ಊರಿನವನಾದ ತನ್ನ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಾಗ ಕಳಕಮ್ಮ ತವರಿಗೆ ಬಂದಳು. ಗಂಡನ ಕಡೆಯ ಹಿರಿಯರು ಕರೆಯಲು ಬಂದರು. ಕಳಿಸುತ್ತೇನೆಂದು ಈಶಪ್ಪ ಮಾತು ಕೊಟ್ಟುಬಿಟ್ಟ. ಅವಳು ಕೂತಲ್ಲಿಂದ ಏಳಲಿಲ್ಲ. ನಾಲ್ಕು ಮಂದಿಯೆದುರು ತನ್ನ ಮಾತು ಕೆಟ್ಟಿತೆಂದು ಅವನು ಅಂದಿನಿಂದ ಅವಳೊಡನೆ ತುಟಿ ಬಿಚ್ಚಲಿಲ್ಲ. ಅಪ್ಪ ಇರುವತನಕ ನಡುವೆ ಅವನ ದನಿಯಾದರೂ ಇತ್ತು. ಅಪ್ಪ ತೀರಿಕೊಂಡ ಮೇಲೆ ಈಶಪ್ಪ ಚೂರಿಗಳನ್ನು ಕಟ್ಟೆಯ ಮೇಲಿಟ್ಟು ಹೋಗುವುದು, ಅವಳು ಕೊರೆದು ಅಲ್ಲೇ ಇಡುವುದು, ಅಷ್ಟೇ ಉಳಿಯಿತು.

ಚೂರಿ ಕೊಂಡು ಮಾರುವ ಕುಷ್ಟಗಿಯ ಶಬ್ಬೀರಸಾಬ ತರುತ್ತಿದ್ದ ಸವೆದ ಅರಗಳನ್ನೇ ಸಾಣೆ ಹಿಡಿದು ಚೂರಿ ಮಾಡುತ್ತಿದ್ದರು. ಕಬ್ಬಿಣವನ್ನೇ ತಿಕ್ಕುವ ಅರದ ಉಕ್ಕು ಬಲು ಗಡಸು. ಕಾಯಿಸದೆ ಕೊರೆದರೆ ಬೈರಿಗೆ ಮುರಿಯುತ್ತದೆ; ಪೂರ್ತಿ ಕಾಯಿಸಿದರೆ ಅಲಗು ಮೆತ್ತಗಾಗಿ ಹರಿತ ನಿಲ್ಲುವುದಿಲ್ಲ. ಅಪ್ಪ ಅದರ ಹದವನ್ನು ಮಗಳಿಗಷ್ಟೇ ಕಲಿಸಿದ್ದ.

ನಲವತ್ತೊಂದರಲ್ಲಿ ಈಶಪ್ಪ ಹುಬ್ಬಳ್ಳಿಯಿಂದ ಕೈಯಲ್ಲಿ ತಿರುಗಿಸಿ ತೂತು ಕೊರೆಯುವ ಮಷೀನು ತಂದ. ಅಕ್ಕನ ಹಂಗು ಬೇಡವೆಂದೇ ತಂದದ್ದು. ಒಂದೇ ಮುಂಜಾನೆ ಮೂರು ಬೈರಿಗೆ ಮುರಿದವು. ಅವನ ಹೆಂಡತಿ ಶೇಖರಮ್ಮ ಚೂರಿಗಳನ್ನು ಹಿಡಿದುಕೊಂಡು ಬಂದಳು.

“ಅಕ್ಕಾರ, ಇವಕ್ಕ ತೂತು ಹಾಕಿ ಕೊಡ್ರಿ.”

“ಅಂವಾ ಹೇಳಿ ಕಳಿಸ್ಯಾನೇನು?”

ಶೇಖರಮ್ಮ ನೆಲ ನೋಡಿದಳು. “ನಾನಽ ಕೇಳಾಕತ್ತೀನ್ರಿ.”

ಕಳಕಮ್ಮ ಕುಲುಮೆಗೆ ಕಾಣುವಂತೆ ಅಂಗಳದಲ್ಲೇ ಕೂತಳು. ಅಲಗನ್ನು ಹಸಿ ಮಣ್ಣಿನಲ್ಲಿ ಹುಗಿದು, ಹಿಡಿಯೊಳಗೆ ಸೇರುವ ತುದಿಯನ್ನಷ್ಟೇ ಹೊರಗೆ ಬಿಟ್ಟಳು. ಕೆಂಪಗೆ ಕಾದ ಸಲಾಕೆಯನ್ನು ಅದಕ್ಕೆ ಒತ್ತಿ ಹಿಡಿದಳು. ತುದಿ ಹಳದಿಯಾಗಿ, ನೇರಳೆಯಾಗಿ, ನೀಲಿಗೆ ತಿರುಗಿ, ಆ ನೀಲಿಯೂ ಮಾಸಿತು. ತಾನಾಗಿ ಆರಲು ಬಿಟ್ಟಳು. ಆಮೇಲೆ ಎರಡು ಹನಿ ಕುಸುಬಿ ಎಣ್ಣೆ ಹಾಕಿ, ಬಿಲ್ಲಿನ ಹಗ್ಗ ಸುತ್ತಿದ ತನ್ನ ಹಳೆಯ ಬೈರಿಗೆಯನ್ನು ತಿರುಗಿಸಿದಳು. ಎಲ್ಲವನ್ನೂ ಬೇಕೆಂದೇ ನಿಧಾನಕ್ಕೆ. ತಿದಿಯ ಸದ್ದು ನಿಂತಿತ್ತು. ತಮ್ಮ ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ‘ಹಂಗ್ಯಾಕ ಮಣ್ಣಾಗ ಹುಗದಿ ಅಕ್ಕಾ’ ಎಂದು ಒಂದು ಮಾತು ಕೇಳಿಯಾನೆಂದು ಆಸೆಪಟ್ಟಳು.

ಅವನು ಕೇಳಲಿಲ್ಲ. ನೋಡಿ ಕಲಿತುಕೊಂಡ. ಮರುದಿನದಿಂದ ಕಟ್ಟೆಯ ಮೇಲೆ ಚೂರಿ ಬರುವುದೇ ನಿಂತಿತು.

ಎಂಟು ದಿನ ಅವಳು ಬರಿಯ ಕಟ್ಟೆಯನ್ನು ಗುಡಿಸಿದಳು. ಒಂಬತ್ತನೆಯ ದಿನ ಶಬ್ಬೀರಸಾಬನನ್ನು ನಿಲ್ಲಿಸಿದಳು.

“ಸಾಬರ, ನನಗೂ ನಾಕು ಅರ ಕೊಡ್ರಿ.”

“ನೀ ಏನ್ ಮಾಡ್ತಿಯವ್ವಾ?”

“ಚೂರಿ ಮಾಡ್ತೀನ್ರಿ.”

ಮೊದಲೆರಡು ಕೆಟ್ಟವು. ಮೂರನೆಯದನ್ನು ಶಬ್ಬೀರಸಾಬ ಉಗುರಿನ ಮೇಲೆ ಆಡಿಸಿ ನೋಡಿ ಚೀಲಕ್ಕೆ ಹಾಕಿಕೊಂಡ. ಒಂದೇ ಅಂಗಳದಲ್ಲಿ ಎರಡು ಸಾಣೆ ತಿರುಗತೊಡಗಿದವು.

ನಲವತ್ತಾರರಲ್ಲಿ ತುಂಗಭದ್ರೆಯ ಅಣೆಕಟ್ಟಿನ ಕೆಲಸಕ್ಕೆಂದು ಈಶಪ್ಪ ಹೆಂಡತಿಯೊಡನೆ ಮುನಿರಾಬಾದಿಗೆ ಹೊರಟ. ಬಂಡಿ ಹೂಡಿದ ಮೇಲೆ ಅವಳ ಬಾಗಿಲಿಗೆ ಬಂದು ನಿಂತ.

“ಹೊಂಟೇವಿ,” ಎಂದ.

ಹನ್ನೆರಡು ವರ್ಷದ ಮೇಲೆ ಅವಳೊಡನೆ ಆಡಿದ ಮಾತು. “ಹೂಂ,” ಎಂದಳು. ಬಂಡಿ ಊರು ದಾಟಿದ ಮೇಲೆ ಆಡಬಹುದಾಗಿದ್ದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು.

ಮರುವರ್ಷ ಮುನಿರಾಬಾದಿನ ಪಕ್ಕದ ಹುಲಿಗಿ ಗುಡಿಗೆ ಹೋಗಿ ಬಂದ ನೆರೆಮನೆಯ ದುರಗಮ್ಮ ಈಶಪ್ಪನನ್ನು ಅವನ ಗುಡಿಸಲಿನಲ್ಲಿ ಕಂಡೆನೆಂದಳು.

“ನನ್ನ ಕೇಳಿದ್ನೇನು?”

“ಕೇಳಿದ್ನವ್ವಾ. ಆರಾಮ ಅದಾಳೇನು ಅಂದ.”

“ನೀ ಏನಂದಿ?”

“ಅದಾಳ ಅಂದೆ.”

“ಛಲೋ ಆತು ಬಿಡು.”

ಕಳಕಮ್ಮ ದುರಗಮ್ಮನಿಗೆ ಕೂಡಲು ಕಂಬಳಿ ಹಾಸಿದಳು. ತಮ್ಮ ಇರುವ ಗುಡಿಸಲು ಹೇಗಿದೆ, ನೀರು ಎಷ್ಟು ದೂರ, ಅವನು ಸೊರಗಿದ್ದಾನೆಯೇ ಎಂದು ಒಂದೊಂದನ್ನೂ ಕೇಳಿದಳು. ಕೇಳಿದ್ದನ್ನೇ ಮತ್ತೊಮ್ಮೆ ಹೇಳಿಸಿಕೊಂಡಳು.